ರಾತ್ರಿ ಬ್ಲೋವರ್ ನಿಲ್ಲಿಸಬೇಡಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸಭೆಯಲ್ಲಿ ಕರೆಂಟ್ ಬಿಲ್ಲಿನ ಮಾತು ಬಂತೆಂದರೆ ಲಿಫ್ಟು, ಕಾರಿಡಾರಿನ ದೀಪ, ಬೋರ್‌ವೆಲ್ ಮೋಟಾರು ಎಲ್ಲ ದಾಟಿ ಚರ್ಚೆ ಕೊನೆಗೆ ಕೊಳಚೆ ನೀರಿನ ಘಟಕದ, ಅಂದರೆ ಎಸ್‌ಟಿಪಿಯ ಬ್ಲೋವರ್‌ಗೆ ಬಂದು ನಿಲ್ಲುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಗುಂಯ್‌ಗುಡುವ ಯಂತ್ರ ಅದು. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೆಲ್ಲ ಅದರ ಸದ್ದು ಗೊತ್ತು, ಕೆಲಸ ಗೊತ್ತಿಲ್ಲ. ‘ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಆಫ್ ಮಾಡಿದ್ರೆ ಏನಾಗುತ್ತೆ ಮೇಡಂ? ಆ ಹೊತ್ತಲ್ಲಿ ಯಾರು ಬಾತ್‌ರೂಮಿಗೆ ಹೋಗ್ತಾರೆ?’ ಎಂದು ಯಾರಾದರೂ ಕೇಳುತ್ತಾರೆ. ಲೆಕ್ಕ ಬಲ್ಲವರೊಬ್ಬರು ಮೊಬೈಲಿನಲ್ಲೇ ಉಳಿತಾಯದ ಮೊತ್ತ ತೆಗೆದು ತೋರಿಸುತ್ತಾರೆ. ಠರಾವು ಪಾಸಾಗುತ್ತದೆ.

ಏನಾಗುತ್ತದೆ ಎಂದು ಹೇಳುವುದೇ ನನ್ನ ಹೊಟ್ಟೆಪಾಡು. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಊರು ಕೋಲಾರದ ನರಸಾಪುರದ ಕಡೆ. ಸರ್ಜಾಪುರ ರಸ್ತೆಯ ಆಚೀಚೆ ಇರುವ ಕೆಲವು ಅಪಾರ್ಟ್‌ಮೆಂಟುಗಳ ಕೊಳಚೆ ನೀರಿನ ಘಟಕಗಳನ್ನು ನೋಡಿಕೊಳ್ಳುವುದು ಕೆಲಸ. ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಅಳತೆಯ ಜಾಡಿ, ಆಮ್ಲಜನಕ ಅಳೆಯುವ ಮೀಟರು, ಯಾರೋ ಕಾಲೇಜಿನವರು ಮಾರಿದ ಹಳೆಯ ಸೂಕ್ಷ್ಮದರ್ಶಕ ಇಟ್ಟುಕೊಂಡು ತಿರುಗುತ್ತೇನೆ. ಮನೆಯವರಿಗೆ ನನ್ನ ಕೆಲಸ ವಿವರಿಸುವುದು ಕಷ್ಟ. ‘ನೀರಿನ ಡಾಕ್ಟರು’ ಎಂದು ಅಮ್ಮ ಊರಲ್ಲಿ ಹೇಳಿಕೊಂಡಿದ್ದಾರೆ, ನಾನು ತಿದ್ದಲು ಹೋಗಿಲ್ಲ.

ನನ್ನ ತಕರಾರು ಇಷ್ಟು. ಎಸ್‌ಟಿಪಿಯನ್ನು ನಾವು ಯಂತ್ರವೆಂದು ಕೊಳ್ಳುತ್ತೇವೆ, ಯಂತ್ರವೆಂದು ರಿಪೇರಿ ಮಾಡಿಸುತ್ತೇವೆ, ಅಧಿಕಾರಿಗಳೂ ಬಂದು ಯಂತ್ರಗಳನ್ನೇ ಎಣಿಸಿ ಹೋಗುತ್ತಾರೆ. ಮೋಟಾರು, ಪೈಪು, ಪ್ಯಾನೆಲ್ ಬೋರ್ಡು ಇವುಗಳಲ್ಲಿ ಒಂದೂ ಕೊಳಚೆಯನ್ನು ತೊಳೆಯುವುದಿಲ್ಲ. ತೊಳೆಯುವುದು ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾ. ಬ್ಲೋವರ್ ಊದುವ ಗಾಳಿಯೇ ಅವುಗಳ ಉಸಿರು. ನಾವು ಬಿಟ್ಟದ್ದನ್ನು ಅವು ತಿನ್ನುತ್ತವೆ, ತಿಂದು ಬೆಳೆಯುತ್ತವೆ, ಬೆಳೆದು ತಳಕ್ಕೆ ಕೂರುತ್ತವೆ, ಮೇಲಿನ ತಿಳಿನೀರನ್ನು ನಾವು ಗಿಡಕ್ಕೂ ಫ್ಲಶ್‌ಗೂ ಬಳಸುತ್ತೇವೆ. ಇದು ದನ ಸಾಕಿದ ಹಾಗೆ. ಮೇವಿನ ಖರ್ಚು ಉಳಿಸಲು ದಿನಕ್ಕೆ ಆರು ಗಂಟೆ ಹಸುವಿನ ಮೂಗು ಕಟ್ಟಿಡುವ ರೈತನನ್ನು ನಮ್ಮ ಹಾಲಿನ ಜಿಲ್ಲೆಯಲ್ಲಿ ನಾನಂತೂ ನೋಡಿಲ್ಲ. ಬೆಂಗಳೂರಿನ ನೆಲಮಾಳಿಗೆಗಳಲ್ಲಿ ಮಾತ್ರ ಅದು ಪ್ರತಿ ರಾತ್ರಿ ನಡೆಯುತ್ತಿದೆ.

ಅವು ಹೇಗೆ ತಿನ್ನುತ್ತವೆ ಎಂಬುದರಿಂದಲೇ ಶುರು ಮಾಡೋಣ. ಬ್ಯಾಕ್ಟೀರಿಯಾಕ್ಕೆ ಬಾಯಿಲ್ಲ, ಕರುಳಿಲ್ಲ. ಒಂದೆರಡು ಮೈಕ್ರಾನ್ ಉದ್ದದ ಮೈ. ಅಂದರೆ ಸಾವಿರ ಬ್ಯಾಕ್ಟೀರಿಯಾ ಸಾಲಾಗಿ ನಿಂತರೂ ಒಂದೆರಡು ಮಿಲಿಮೀಟರ್ ದಾಟುವುದಿಲ್ಲ. ಊಟ ಇಡೀ ಮೈಯಿಂದಲೇ ಒಳಗೆ ಹೋಗಬೇಕು. ನಮ್ಮ ಕರುಳಲ್ಲೂ ಇರುವ ಇ. ಕೋಲಿಯಂಥವಕ್ಕೆ ಹೊರಪೊರೆಯಲ್ಲಿ ಪ್ರೋಟೀನಿನ ಸಣ್ಣ ರಂಧ್ರಗಳಿವೆ. ಸಕ್ಕರೆ, ಅಮೈನೋ ಆಮ್ಲ, ಲವಣದಂಥ ಚಿಕ್ಕ ಅಣುಗಳು ಅದರಲ್ಲಿ ತೂರುತ್ತವೆ. ಒಳಪೊರೆಯಲ್ಲಿ ಕಾವಲು ಬಿಗಿ. ಒಂದೊಂದು ಬಗೆಯ ಆಹಾರಕ್ಕೂ ಅದರದೇ ಸಾಗಣೆ ಪ್ರೋಟೀನು ಬೇಕು, ಬಹುಪಾಲು ಸಲ ಅದಕ್ಕೆ ಶಕ್ತಿಯೂ ಖರ್ಚಾಗಬೇಕು. ಹೊರಗೆ ಸಕ್ಕರೆ ತೆಳ್ಳಗಿದ್ದರೂ ಒಳಗೆ ದಟ್ಟವಾಗಿ ತುಂಬಿಕೊಳ್ಳುವ ಸಾಮರ್ಥ್ಯ ಬರುವುದು ಈ ಖರ್ಚಿನಿಂದಲೇ. ಕಬ್ಬಿಣ ಸಿಗದಿದ್ದರೆ ಹಲವು ಬ್ಯಾಕ್ಟೀರಿಯಾಗಳು ಕಬ್ಬಿಣ ಹಿಡಿಯುವ ಒಂದು ಅಣುವನ್ನು ತಯಾರಿಸಿ ನೀರಿಗೆ ಬಿಟ್ಟು, ಅದು ಕಬ್ಬಿಣವನ್ನು ಕಚ್ಚಿಕೊಂಡ ಮೇಲೆ ವಾಪಸ್ ಎಳೆದುಕೊಳ್ಳುತ್ತವೆ. ಇಷ್ಟು ಚಿಕ್ಕ ಜೀವಕ್ಕೆ ಇಷ್ಟೊಂದು ವ್ಯವಹಾರ ಯಾರು ಕಲಿಸಿದರೋ!

ಅನ್ನದ ಪಿಷ್ಟ, ಬೇಳೆಯ ಪ್ರೋಟೀನು, ಒಗ್ಗರಣೆಯ ಎಣ್ಣೆ ಇವೆಲ್ಲ ಆ ರಂಧ್ರಕ್ಕೆ ದೊಡ್ಡದು. ಅದಕ್ಕೆ ಬ್ಯಾಕ್ಟೀರಿಯಾ ಕಿಣ್ವಗಳನ್ನು ಹೊರಕ್ಕೆ ಬಿಡುತ್ತವೆ. ಜೀರ್ಣಕ್ರಿಯೆ ಮೈಯ ಹೊರಗೇ ನಡೆದು, ತುಂಡಾದದ್ದು ಒಳಗೆ ಹೋಗುತ್ತದೆ. ಇದಕ್ಕೆ ಸಮಯ ಬೇಕು. ಎಣ್ಣೆಗಂತೂ ಇನ್ನೂ ಹೆಚ್ಚು. ದೀಪಾವಳಿಯ ಎಣ್ಣೆಸ್ನಾನ, ಕರಿದ ತಿಂಡಿಯ ಬಾಣಲೆ ಎರಡೂ ಒಂದೇ ವಾರದಲ್ಲಿ ಬಂದಾಗ ಟ್ಯಾಂಕಿನ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಬ್ಯಾಕ್ಟೀರಿಯಾದ ಗುಂಪಿಗೆ ಎಣ್ಣೆ ಅಂಟಿಕೊಂಡರೆ ಅವಕ್ಕೆ ಗಾಳಿಯೂ ಸಿಗದು, ಊಟವೂ ಸಿಗದು. ಎಣ್ಣೆ ಸಿಂಕಿಗೆ ಸುರಿಯಬೇಡಿ ಎಂಬ ನೋಟಿಸನ್ನು ಲಿಫ್ಟಿನೊಳಗೆ ಅಂಟಿಸುವುದು ನನ್ನ ವಾರ್ಷಿಕ ಹಬ್ಬದಾಚರಣೆ.

ಬೆಳವಣಿಗೆಯ ಲೆಕ್ಕ ಇನ್ನೂ ಬೆರಗಿನದು. ಒಳ್ಳೆಯ ಆಹಾರ, 37 ಡಿಗ್ರಿ ಶಾಖ ಸಿಕ್ಕರೆ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಹೀಗೇ ಒಂದು ದಿನ ತಡೆಯಿಲ್ಲದೆ ನಡೆದರೆ 72 ಸಲ ಇಮ್ಮಡಿ. ಒಂದು ಬ್ಯಾಕ್ಟೀರಿಯಾದ ತೂಕ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟೇ ಆದರೂ, ಮರುದಿನ ಅದೇ ಹೊತ್ತಿಗೆ ನಾಲ್ಕು ಸಾವಿರ ಟನ್ನಿಗೂ ಹೆಚ್ಚು ಬ್ಯಾಕ್ಟೀರಿಯಾ ಇರಬೇಕು. ಇರುವುದಿಲ್ಲ, ಏಕೆಂದರೆ ಅದಕ್ಕೆ ಬಹಳ ಮೊದಲೇ ಊಟ ಮುಗಿದಿರುತ್ತದೆ. ಬೆಳವಣಿಗೆಯ ವೇಗವನ್ನು ನಿರ್ಧರಿಸುವುದು ಕೊರತೆ ಬಿದ್ದ ಆಹಾರದ ಸಾಂದ್ರತೆ ಎಂಬುದನ್ನು ಸಮೀಕರಣಕ್ಕಿಳಿಸಿದವರು ಫ್ರಾನ್ಸಿನ ಜಾಕ್ ಮೊನೊ. ಗ್ಲೂಕೋಸು, ಲ್ಯಾಕ್ಟೋಸು ಎರಡನ್ನೂ ಒಟ್ಟಿಗೆ ಕೊಟ್ಟರೆ ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸನ್ನು ಮುಗಿಸಿ, ಸ್ವಲ್ಪ ಹೊತ್ತು ಬೆಳವಣಿಗೆ ನಿಲ್ಲಿಸಿ, ಲ್ಯಾಕ್ಟೋಸಿಗೆ ಬೇಕಾದ ಸಾಮಗ್ರಿ ಸಿದ್ಧಮಾಡಿಕೊಂಡು, ಆಮೇಲೆ ಅದಕ್ಕೆ ಕೈಹಾಕುತ್ತದೆ ಎಂದು ಅವರು 1940ರ ದಶಕದ ಆರಂಭದಲ್ಲಿ, ಯುದ್ಧದ ನಡುವಿನ ಪ್ಯಾರಿಸ್ಸಿನಲ್ಲಿ ಕಂಡುಕೊಂಡರು. ಆ ಎಳೆಯನ್ನೇ ಹಿಡಿದು ಹೋದ ಸಂಶೋಧನೆಗೆ 1965ರ ನೊಬೆಲ್ ಬಂತು. ನನ್ನ ಟ್ಯಾಂಕಿನಲ್ಲೂ ನಡೆಯುವುದು ಇದೇ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಸೋಪಿನ ಪುಡಿ ಸರದಿಯ ಕೊನೆಯಲ್ಲಿ.

ಊಟವೆಂದರೆ ಇಂಗಾಲ ಮಾತ್ರವಲ್ಲ. ನೂರು ಪಾಲು ಇಂಗಾಲದ ಆಹಾರಕ್ಕೆ ಐದು ಪಾಲು ಸಾರಜನಕ, ಒಂದು ಪಾಲು ರಂಜಕ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಬಾಯಿಪಾಠ. ಮನೆಗಳ ಕೊಳಚೆಯಲ್ಲಿ ಇದು ಹೆಚ್ಚುಕಡಿಮೆ ತಾನೇ ಹೊಂದಿಕೊಂಡಿರುತ್ತದೆ. ಐಟಿ ಕಚೇರಿಗಳ ಕತೆ ಬೇರೆ. ಅಲ್ಲಿ ಸ್ನಾನವಿಲ್ಲ, ಬಟ್ಟೆ ಒಗೆಯುವುದಿಲ್ಲ, ಕ್ಯಾಂಟೀನ್ ಇದ್ದರೆ ಸ್ವಲ್ಪ ಅಡುಗೆ. ಬಹುಪಾಲು ಮೂತ್ರ, ಅಂದರೆ ಸಾರಜನಕವೇ ಸಾರಜನಕ. ಶನಿವಾರ, ಭಾನುವಾರ ಅದೂ ಇಲ್ಲ. ಅಂಥ ಕಡೆ ಬ್ಯಾಕ್ಟೀರಿಯಾಕ್ಕೆ ಇಂಗಾಲ ಸಿಗಲೆಂದು ಆಪರೇಟರುಗಳು ಬೆಲ್ಲ ಕರಗಿಸಿ ಹಾಕುತ್ತಾರೆ. ಲೆಕ್ಕಪತ್ರ ನೋಡುವವರು ‘ಎಸ್‌ಟಿಪಿಗೆ ಬೆಲ್ಲ ಯಾಕ್ರೀ?’ ಎಂದು ಬಿಲ್ಲು ತಡೆಹಿಡಿದದ್ದೂ ಉಂಟು.

ಈಗ ರಾತ್ರಿಯ ಪ್ರಶ್ನೆಗೆ ಬರುತ್ತೇನೆ. ರಾತ್ರಿ ಯಾರೂ ನೀರು ಬಿಡುವುದಿಲ್ಲ ಎಂಬುದು ಅರ್ಧ ನಿಜ. ಆದರೆ ದಿನವಿಡೀ ಬಂದ ಕೊಳಚೆ ಮೊದಲು ಒಂದು ಸಂಗ್ರಹ ಟ್ಯಾಂಕಿಗೆ ಬಂದು, ಅಲ್ಲಿಂದ ಒಂದೇ ಸಮನಾಗಿ ಬ್ಯಾಕ್ಟೀರಿಯಾದ ಟ್ಯಾಂಕಿಗೆ ಹೋಗಬೇಕೆಂಬ ಲೆಕ್ಕದಲ್ಲಿ ಘಟಕವನ್ನು ಕಟ್ಟಿರುತ್ತಾರೆ. ಬೆಳಗಿನ ಏಳರಿಂದ ಒಂಬತ್ತರ ಮಹಾಪೂರವನ್ನು ಇಪ್ಪತ್ತನಾಲ್ಕು ಗಂಟೆಗೆ ಹಂಚುವುದು ಅದರ ಉದ್ದೇಶ. ರಾತ್ರಿ ಆರು ಗಂಟೆ ನಿಲ್ಲಿಸಿದರೆ ಕಾಲು ಭಾಗ ಘಟಕವನ್ನು ಕೊಂಡು ಬಿಸಾಡಿದಂತೆ.

ಅದಕ್ಕಿಂತ ದೊಡ್ಡದು ಉಸಿರಿನ ವಿಷಯ. ಟ್ಯಾಂಕಿನ ಪ್ರತಿ ಲೀಟರ್ ನೀರಿನಲ್ಲಿ ಮೂರು ನಾಲ್ಕು ಗ್ರಾಂ ಬ್ಯಾಕ್ಟೀರಿಯಾ ಕೆಸರು ಇರುತ್ತದೆ. ಕರಗಿದ ಆಮ್ಲಜನಕ ಮಾತ್ರ ಲೀಟರಿಗೆ ಎರಡು ಮಿಲಿಗ್ರಾಂ. ಬ್ಲೋವರ್ ನಿಂತ ಕೆಲವೇ ನಿಮಿಷಗಳಲ್ಲಿ ಅದು ಸೊನ್ನೆಗೆ ಇಳಿಯುವುದನ್ನು ಮೀಟರು ಹಿಡಿದು ಕಾರ್ಯದರ್ಶಿಗಳಿಗೆ ತೋರಿಸಿದ್ದೇನೆ. ಆಮ್ಲಜನಕ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾ ನೈಟ್ರೇಟಿನಿಂದ ಉಸಿರಾಡುತ್ತವೆ. ಅದು ಒಳ್ಳೆಯದೇ, ಬೇಕೆಂದೇ ಸ್ವಲ್ಪ ಹೊತ್ತು ಗಾಳಿ ನಿಲ್ಲಿಸಿ ಸಾರಜನಕ ಕಳೆಯುವ ಪದ್ಧತಿಗಳಿವೆ. ಆದರೆ ಅವು ಗಡಿಯಾರ ನೋಡಿ ಮಾಡಿದ ವಿನ್ಯಾಸಗಳು, ಬಿಲ್ಲು ನೋಡಿ ಮಾಡಿದ್ದಲ್ಲ. ನೈಟ್ರೇಟೂ ಮುಗಿದರೆ ಬೇರೊಂದು ಜಾತಿ ಎದ್ದು ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಬೆಳಗ್ಗೆ ವಾಕಿಂಗ್ ಬಂದವರು ಮೂಗು ಮುಚ್ಚಿಕೊಂಡು ಗ್ರೂಪಿನಲ್ಲಿ ಮೆಸೇಜು ಹಾಕುತ್ತಾರೆ. ಆಪರೇಟರ್‌ಗೆ ಬೈಗುಳ. ಸಿಂಧನೂರಿನ ಹುಡುಗನೊಬ್ಬ ನನಗೆ ಹೇಳಿದ್ದು: ‘ರಾತ್ರಿ ಬಂದ್ ಮಾಡು ಅಂತ ಅವರೇ ಅಂತಾರ, ಮುಂಜಾನಿ ವಾಸನಿ ಬಂದ್ರ ನನಗ ಬೈತಾರ. ಏನ್ ಮಾಡ್ಲಿ ಅಕ್ಕಾರ?’

ಎಲ್ಲಕ್ಕಿಂತ ಮೊದಲು ಸೊರಗುವುದು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ. ಇವು ಇಂಗಾಲದ ಆಹಾರಕ್ಕೆ ಬಾಯಿ ಬಿಡುವವಲ್ಲ. ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೇಟಾಗಿ ಮಾಡಿ ಆ ಶಕ್ತಿಯಲ್ಲಿ ಬದುಕುತ್ತವೆ. ಈ ಬದುಕಿನಲ್ಲಿ ಲಾಭ ಕಡಿಮೆ, ಹಾಗಾಗಿ ಬೆಳವಣಿಗೆ ನಿಧಾನ. ಇ. ಕೋಲಿಗೆ ಇಪ್ಪತ್ತು ನಿಮಿಷ ಸಾಕಾದ ಕಡೆ ಇವಕ್ಕೆ ಒಂದು ದಿನವೂ ಹಿಡಿದೀತು, ಅದಕ್ಕಿಂತ ಹೆಚ್ಚೂ ಆದೀತು. ಉಸಿರಿನ ಬೇಡಿಕೆ ಮಾತ್ರ ದೊಡ್ಡದು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ನಾಲ್ಕೂವರೆ ಗ್ರಾಮಿಗೂ ಹೆಚ್ಚು ಆಮ್ಲಜನಕ. ಗಾಳಿ ನಿಲ್ಲಿಸಿದರೆ, ಆ್ಯಸಿಡ್ ಬಿದ್ದರೆ, ಕೆಸರನ್ನು ಅತಿಯಾಗಿ ಹೊರಹಾಕಿದರೆ ಮೊದಲು ಮಾಯವಾಗುವವು ಇವೇ. ಮತ್ತೆ ನೆಲೆಯೂರಲು ವಾರಗಳು ಬೇಕು. ಸಂಘದವರಿಗೆ ಸೋಮವಾರಕ್ಕೆ ಸರಿಯಾಗಬೇಕು. ಬ್ಯಾಕ್ಟೀರಿಯಾದ ಮೇಲೆ ಒತ್ತಡ ಹಾಕಲು ಯಾವ ಎಸ್ಕಲೇಷನ್ ಮೇಲ್‌ಗೂ ಆಗುವುದಿಲ್ಲ.

ಈ ವಿದ್ಯೆ ಬೆಂಗಳೂರಿಗೆ ಹೊಸದಾಗಿ ಬಿಲ್ಡರುಗಳು ತಂದದ್ದಲ್ಲ. 1914ರಲ್ಲಿ ಮ್ಯಾಂಚೆಸ್ಟರಿನ ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಎಂಬಿಬ್ಬರು ಕೊಳಚೆಗೆ ಗಾಳಿ ಊದಿ, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೇ ಹೊಸ ಕೊಳಚೆ ಹಾಕುತ್ತ ಹೋದರು. ಮೊದಲ ಸಲ ಅಮೋನಿಯಾ ಪೂರ್ತಿ ಕಳೆಯಲು ಐದು ವಾರ ಬೇಕಾಗಿತ್ತು. ಕೆಸರು ಕೂಡುತ್ತಾ ಹೋದಂತೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಚೆಲ್ಲದೆ ಉಳಿಸಿದ್ದೇ ಅವರ ಆವಿಷ್ಕಾರ. ಅವರಿಗೆ ಈ ದಿಕ್ಕು ತೋರಿಸಿದ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಮುಂದೆ ಅದೇ ಸಂಸ್ಥೆಯಲ್ಲಿದ್ದ ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಅವರು ಈ ಕೆಸರಿನಲ್ಲಿ ಬ್ಯಾಕ್ಟೀರಿಯಾ ಮಾತ್ರವಲ್ಲ, ಅವನ್ನು ತಿನ್ನುವ ಪ್ರೋಟೋಜೋವಾಗಳ ಪಾತ್ರವೂ ಮುಖ್ಯವೆಂದು 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಸುಬ್ರಹ್ಮಣ್ಯನ್ನರೇ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ಮೊದಲ ನಿರ್ದೇಶಕರು. ಸೂಕ್ಷ್ಮದರ್ಶಕದಡಿ ತೊಟ್ಟಿನ ಮೇಲೆ ಕೂತು ಬಾಯಿ ತೆರೆದು ಮುಚ್ಚುವ ವೋರ್ಟಿಸೆಲ್ಲಾ ಕಂಡಾಗಲೆಲ್ಲ ನನಗೆ ನೆನಪಾಗುವುದು ಇವರು. ವೋರ್ಟಿಸೆಲ್ಲಾ ಇದ್ದರೆ ಗಾಳಿ ಸಾಕಷ್ಟಿದೆ, ಟ್ಯಾಂಕು ಕ್ಷೇಮ ಎಂದು ನಾನು ಅರ್ಧ ರಿಪೋರ್ಟು ಅಲ್ಲೇ ಬರೆದುಬಿಡುತ್ತೇನೆ.

ಓದುವಾಗ ನನಗೆ ಯಾರೂ ಒತ್ತಿ ಹೇಳದೆ, ಕೆಲಸ ಕಲಿಸಿದ ವಿಷಯ ಒಂದಿದೆ. ಹೊಟ್ಟೆತುಂಬ ತಿಂದ ಬ್ಯಾಕ್ಟೀರಿಯಾದಿಂದ ನೀರು ತಿಳಿಯಾಗುವುದಿಲ್ಲ. ಆಹಾರ ಧಾರಾಳವಾಗಿರುವಾಗ ಅವು ಬಿಡಿಬಿಡಿಯಾಗಿ ಈಜಾಡುತ್ತ ಇಮ್ಮಡಿಸುತ್ತವೆ, ನೀರು ಮಬ್ಬಾಗಿರುತ್ತದೆ. ಊಟ ತೆಳುವಾದಾಗಲೇ ಅವು ಅಂಟನ್ನು ಸುರಿಸಿ ಒಂದಕ್ಕೊಂದು ಅಂಟಿ ಗುಂಪು ಕಟ್ಟುತ್ತವೆ, ಗುಂಪು ಭಾರಕ್ಕೆ ತಳ ಸೇರುತ್ತದೆ. ಅರೆಹೊಟ್ಟೆಯಲ್ಲಿ ಇಡಬೇಕು, ಸಾಯಿಸಬಾರದು. ಒಂದು ಲೀಟರ್ ಜಾಡಿಯಲ್ಲಿ ಟ್ಯಾಂಕಿನ ನೀರು ತುಂಬಿ ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲ ಗೊತ್ತಾಗುತ್ತದೆ. ಚಾಕಲೇಟ್ ಬಣ್ಣದ ಕೆಸರು ಮೂರನೇ ಒಂದು ಭಾಗದಷ್ಟಕ್ಕೆ ಇಳಿದು ಮೇಲೆ ತಿಳಿನೀರು ನಿಂತರೆ, ಮೂಗಿಗೆ ಮಣ್ಣಿನ ವಾಸನೆ ಬಂದರೆ, ಆ ದಿನ ನಾನು ಬೇಗ ಮನೆಗೆ ಹೋಗಬಹುದು. ಕೆಸರು ಕಪ್ಪಾಗಿದ್ದರೆ ಯಾರೋ ರಾತ್ರಿ ಸ್ವಿಚ್ ಒತ್ತಿದ್ದಾರೆ.

ಹಾಗೆ ಹಾಳಾದ ಮೇಲೆ ಬರುವವರು ಪುಡಿ ಮಾರುವವರು. ‘ಸ್ಪೆಷಲ್ ಕಲ್ಚರ್’, ಕಿಲೋಗೆ ಇಷ್ಟು. ಹೊಸ ಘಟಕ ಶುರುಮಾಡುವಾಗ ಬೀಜಕ್ಕೆಂದು ಏನಾದರೂ ಬೇಕು, ನಿಜ. ಅದಕ್ಕೆ ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಘಟಕದ ಕೆಸರನ್ನು ಒಂದು ಟ್ಯಾಂಕರ್ ತಂದು ಸುರಿದರೆ ಆಯಿತು. ಸಗಣಿ ನೀರು ಹಾಕಿಯೂ ಶುರುಮಾಡುತ್ತಾರೆ. ಬ್ಯಾಕ್ಟೀರಿಯಾ ಕೊಳಚೆಯಲ್ಲೇ ಬೇಕಾದಷ್ಟು ಬರುತ್ತವೆ. ಗಾಳಿಯಿಲ್ಲದ ಟ್ಯಾಂಕಿಗೆ ಎಷ್ಟು ದುಬಾರಿ ಪುಡಿ ಹಾಕಿದರೂ ಅದು ಅಲ್ಲಿ ಹಳೆಯವುಗಳ ಜತೆಗೇ ಸಾಯುತ್ತದೆ. ತಿಂಗಳು ತಿಂಗಳೂ ಪುಡಿ ಕೊಳ್ಳುವ ಸಂಘಗಳು ಬ್ಲೋವರ್ ನಿಲ್ಲಿಸಿ ಉಳಿಸಿದ ಹಣವನ್ನು ಇನ್ನೊಂದು ಕೈಯಿಂದ ಕೊಡುತ್ತಿವೆ.

ಇದು ಒಂದು ಕಟ್ಟಡದ ಒಳಗಿನ ಜಗಳವಾಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಒಳಚರಂಡಿ ಮುಟ್ಟದ ಬಡಾವಣೆಗಳಿಂದ ಅರೆಬೆಂದ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರು, ವರ್ತೂರಿನತ್ತ ಹರಿಯುತ್ತದೆ. ಬೆಳ್ಳಂದೂರು ಕೆರೆಯ ನೊರೆಯನ್ನೂ 2015ರಲ್ಲಿ, 2017ರಲ್ಲಿ ಅದಕ್ಕೆ ಬಿದ್ದ ಬೆಂಕಿಯನ್ನೂ ಲೋಕವೆಲ್ಲ ನೋಡಿತು. ನೊರೆಯ ಮೂಲವೂ ಊಟದ ಕತೆಯೇ. 1950ರ ದಶಕದಲ್ಲಿ ಯುರೋಪ್, ಅಮೆರಿಕದ ನದಿಗಳು ನೊರೆಗಟ್ಟಿದಾಗ, ಆಗಿನ ಡಿಟರ್ಜೆಂಟಿನ ಕವಲೊಡೆದ ಅಣುಗಳನ್ನು ಬ್ಯಾಕ್ಟೀರಿಯಾ ಕಡಿಯಲಾರವು ಎಂದು ತಿಳಿದು, ನೇರ ಸರಪಳಿಯ ಅಣುಗಳಿಗೆ ಕಂಪನಿಗಳು ಬದಲಾದವು. ಈ ಹೊಸದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ, ಆಮ್ಲಜನಕ ಇದ್ದರೆ. ಇಲ್ಲದಿದ್ದರೆ ಮುಟ್ಟುವುದಿಲ್ಲ ಎಂದೇ ಹೇಳಬೇಕು. ಉಸಿರುಗಟ್ಟಿದ ಕೆರೆಯ ತಳದ ಹೂಳಿಗೆ ಅದು ಅಂಟಿಕೊಂಡು, ಮಳೆ ಬಂದು ಕಲಕಿದಾಗ ಮೇಲೇಳುತ್ತದೆ.

ಮತ್ತೆ ನಮ್ಮೂರು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್ ಸಂಸ್ಕರಿಸಿದ ಕೊಳಚೆಯಿಂದ ನೂರಕ್ಕೂ ಹೆಚ್ಚು ಕೆರೆ ತುಂಬಿಸುವ ಯೋಜನೆ ಅದು. ಮರುತಿಂಗಳೇ ನೊರೆ ಕಾಣಿಸಿ ವಿಷಯ ಹೈಕೋರ್ಟಿಗೆ ಹೋಯಿತು. ಆ ನೀರು ಜಲಮಂಡಳಿಯ ದೊಡ್ಡ ಘಟಕಗಳದ್ದು, ನಿಮ್ಮ ನೆಲಮಾಳಿಗೆಯದ್ದಲ್ಲ, ಒಪ್ಪುತ್ತೇನೆ. ಆದರೆ ಅಲ್ಲೂ ಕೆಲಸ ಮಾಡುವುದು ಇವೇ ಬ್ಯಾಕ್ಟೀರಿಯಾ, ಅಲ್ಲೂ ಕರೆಂಟ್ ಖರ್ಚಿನ ಬಹುದೊಡ್ಡ ಪಾಲು ಇದೇ ಗಾಳಿಗೆ. ಬತ್ತಿದ ಬೋರ್‌ವೆಲ್ಲಿಗೆ ನೀರು ಬಂತು ಎಂದು ನಮ್ಮ ಕಡೆ ಸಂತೋಷವೂ ಇದೆ, ಏನು ಬಂತೋ ಎಂಬ ಅಂಜಿಕೆಯೂ ಇದೆ. ಎರಡೂ ನ್ಯಾಯವೇ. ಟೊಮೆಟೊ ಬೆಳೆಯುವ ನಮ್ಮ ಜನಕ್ಕೆ ಯಂತ್ರಗಳ ಪಟ್ಟಿಯಿಂದ ಸಮಾಧಾನವಾಗದು. ಟ್ಯಾಂಕಿನಲ್ಲಿ ಈ ಗಂಟೆ ಆಮ್ಲಜನಕ ಎಷ್ಟಿದೆ, ಹೊರಬರುವ ನೀರಿನಲ್ಲಿ ಅಮೋನಿಯಾ ಎಷ್ಟಿದೆ ಎಂದು ಅವರಿಗೆ ಗೊತ್ತಾಗಬೇಕು.

ಈಗಿನ ತಪಾಸಣೆಯಲ್ಲಿ ಅದು ಗೊತ್ತಾಗುವುದಿಲ್ಲ. ಸ್ಯಾಂಪಲ್ ಒಯ್ಯುವ ದಿನ ಮೊದಲೇ ತಿಳಿದಿರುತ್ತದೆ. ಹಿಂದಿನ ರಾತ್ರಿ ಬ್ಲೋವರ್ ಓಡಿರುತ್ತದೆ. ಪ್ರಯೋಗಾಲಯದಲ್ಲಿ ಅಳೆಯುವ ಬಿಓಡಿ ಎಂದರೂ ಬ್ಯಾಕ್ಟೀರಿಯಾ ಆ ನೀರಿನಲ್ಲಿ ಉಳಿದದ್ದನ್ನು ತಿನ್ನಲು ಎಷ್ಟು ಆಮ್ಲಜನಕ ಬಳಸಿದವು ಎಂಬ ಲೆಕ್ಕವೇ. ನಮ್ಮಲ್ಲಿ ಅದಕ್ಕೆ 27 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ. ಮೂರು ದಿನದ ನಂತರ ಬಂದ ಕಾಗದ, ಅದಾಗಲೇ ಹರಿದುಹೋದ ನೀರಿನ ಬಗ್ಗೆ ಹೇಳುತ್ತದೆ. ಅಮೋನಿಯಾ ಪರೀಕ್ಷೆಯ ಕಿಟ್ ಕೆಲವು ನಿಮಿಷದ ಕೆಲಸ, ಹೇಳದೆ ಬಂದು ಮಾಡಬಹುದು. ಆ ಒಂದು ಅಂಕಿ ಕಳೆದ ಹಲವು ರಾತ್ರಿಗಳ ಸುದ್ದಿ ಕೊಡುತ್ತದೆ. ನಿಧಾನ ಬೆಳೆಯುವ ಬ್ಯಾಕ್ಟೀರಿಯಾದ ಉಪಕಾರವೇ ಅದು, ಒಂದು ರಾತ್ರಿ ಬ್ಲೋವರ್ ಓಡಿಸಿ ಅವನ್ನು ಮರಳಿ ತರಲಾಗದು. ಮಾಲಿನ್ಯ ನಿಯಂತ್ರಣ ಮಂಡಳಿ ಮೊದಲು ಮಾಡಬೇಕಾದ ಬದಲಾವಣೆ ಇದು ಎಂದು ನನ್ನ ಅಭಿಪ್ರಾಯ.

ಸಂಘದವರಿಗೆ ಹಣ ಉಳಿಯಲೇಬೇಕೆಂದರೆ ದಾರಿ ಇದೆ. ಟ್ಯಾಂಕಿನ ತಳದಲ್ಲಿ ಗಾಳಿ ಬಿಡುವ ಡಿಫ್ಯೂಸರುಗಳ ರಂಧ್ರ ಕಟ್ಟಿದರೆ ಬ್ಲೋವರ್ ಹೆಚ್ಚು ಒತ್ತಡದಲ್ಲಿ ಏದುಸಿರು ಬಿಟ್ಟು ಕರೆಂಟ್ ಕುಡಿಯುತ್ತದೆ, ಅವನ್ನು ಕಾಲಕಾಲಕ್ಕೆ ಬದಲಿಸಿ. ಆಮ್ಲಜನಕದ ಮೀಟರಿಗೆ ಜೋಡಿಸಿ ಬ್ಲೋವರಿನ ವೇಗ ತಗ್ಗಿಸುವ ವಿಎಫ್‌ಡಿ ಹಾಕಿಸಿ. ರಾತ್ರಿ ಬೇಡಿಕೆ ಇಳಿದಾಗ ವೇಗ ತಾನೇ ಇಳಿಯುತ್ತದೆ, ಉಸಿರು ನಿಲ್ಲುವುದಿಲ್ಲ. ಟೈಲ್ಸ್ ಹೊಳೆಯಲೆಂದು ಆ್ಯಸಿಡ್ಡು, ಫಿನಾಯಿಲು ಬಕೆಟ್ಟುಗಟ್ಟಲೆ ಸುರಿಯುವ ಹೌಸ್‌ಕೀಪಿಂಗ್ ಗುತ್ತಿಗೆಯನ್ನು ಒಮ್ಮೆ ಓದಿ ನೋಡಿ. ನಾನು ಕಂಡ ಕಡೆಗಳಲ್ಲಿ ಆಪರೇಟರ್‌ಗೆ ಗೇಟಿನ ಸೆಕ್ಯೂರಿಟಿಯವರಷ್ಟೂ ಸಂಬಳವಿಲ್ಲ, ತರಬೇತಿ ಎಂದರೆ ಹಿಂದಿನವನು ತೋರಿಸಿಹೋದ ಸ್ವಿಚ್ಚುಗಳು. ವಾರ್ಷಿಕ ನಿರ್ವಹಣೆಯ ಗುತ್ತಿಗೆ (ಎಎಂಸಿ) ನವೀಕರಿಸುವಾಗ ಅತಿ ಕಡಿಮೆ ಕೊಟೇಶನ್ನಿಗೆ ಸಹಿ ಹಾಕುವ ಮೊದಲು ಕೇಳಿ: ದಿನಕ್ಕೊಮ್ಮೆ ಜಾಡಿ ಪರೀಕ್ಷೆ, ಆಮ್ಲಜನಕದ ರೀಡಿಂಗು, ಅಮೋನಿಯಾ ಇವನ್ನು ಯಾರು ಬರೆಯುತ್ತಾರೆ? ಆ ಪುಸ್ತಕವನ್ನು ನೋಟಿಸ್ ಬೋರ್ಡಿನ ಪಕ್ಕ ನೇತುಹಾಕುತ್ತೀರಾ?

ಇನ್ನೊಂದು ಷರತ್ತನ್ನು ದಪ್ಪಕ್ಷರದಲ್ಲಿ ಬರೆಸಿ. ಗಾಳಿ ನಿಂತ ಟ್ಯಾಂಕಿನಲ್ಲಿ, ಕೆಸರಿನ ಟ್ಯಾಂಕಿನಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ನಾರುತ್ತದೆ, ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಕೊಂದು ವಾಸನೆ ಇಲ್ಲವೆನಿಸುತ್ತದೆ. ವಾಸನೆ ಇಲ್ಲವೆಂದು ಇಳಿದವರು, ಅವರನ್ನು ಎತ್ತಲು ಇಳಿದವರು ಸತ್ತ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು ಅಪರಾಧವೆಂದಿದೆ. ಪಂಪಿಗೆ ಬಟ್ಟೆ ಸಿಕ್ಕಿಕೊಂಡಿದೆ, ಐದು ನಿಮಿಷದ ಕೆಲಸ ಎಂದು ಆಪರೇಟರ್ ಹುಡುಗರನ್ನು ಇಳಿಸಬೇಡಿ. ಮುಚ್ಚಳಕ್ಕೆ ಬೀಗ ಹಾಕಿ, ಗ್ಯಾಸ್ ಮೀಟರು ಮತ್ತು ಸಾಧನಗಳಿರುವ ತಂಡ ಬರುವವರೆಗೆ ಕೀಲಿ ಯಾರಿಗೂ ಕೊಡಬೇಡಿ, ಇಡೀ ಬ್ಲಾಕಿನ ಫ್ಲಶ್ ಒಂದು ದಿನ ನಿಂತರೂ ಸರಿಯೇ.